ಟ್ಯಾಗ್ ಚಿಂದಿಯ ರಾಶಿಯವರೆಗೂ ಬರಲಿ: ಜವಳಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಜವಳಿ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಫಿನಿಶಿಂಗ್ ವಿಭಾಗದಲ್ಲಿ 16 ವರ್ಷ ಚೆಕಿಂಗ್ ಕೆಲಸ ಮಾಡಿದ ನಾನು ಈಗ 3 ವರ್ಷಗಳಿಂದ ನಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಹಳೆ ಬಟ್ಟೆ ವಿಂಗಡಿಸುವ ಗುಂಪಿನ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಬಟ್ಟೆ ಪ್ಯಾಕ್ ಆಗಿ ಹೊರಡುವ ಮೇಜನ್ನೂ ಕೊನೆಗೆ ಅದು ಬಂದು ಬೀಳುವ ನೆಲವನ್ನೂ ಹತ್ತಿರದಿಂದ ಕಂಡಿರುವುದರಿಂದ, ಇವೆರಡರ ನಡುವೆ ಕಡಿದುಹೋಗಿರುವ ಒಂದು ಕೊಂಡಿಯ ಬಗ್ಗೆ ತಮಗೆ ಬರೆಯಬೇಕೆನಿಸಿತು.

ನಮ್ಮ ಕಾರ್ಖಾನೆಗೆ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೋ ತರಂಗದಿಂದ ಓದುವ ಗುರುತಿನ ಚೀಟಿ, ಬಂದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅದಕ್ಕೂ ಮೊದಲು, ಲೆಕ್ಕ ತಪ್ಪಿದೆಯೆಂಬ ಅನುಮಾನ ಬಂದರೆ ಪೆಟ್ಟಿಗೆ ಬಿಚ್ಚಿ 40 ಅಂಗಿಗಳನ್ನು ಒಂದೊಂದಾಗಿ ತೆಗೆದು, ಸೈಜು ಬಣ್ಣ ತಾಳೆ ನೋಡಿ, ಮತ್ತೆ ಮಡಿಸಿ ತುಂಬಬೇಕಾಗುತ್ತಿತ್ತು. ಟ್ಯಾಗ್ ಬಂದ ಮೇಲೆ ಮುಚ್ಚಿದ ಪೆಟ್ಟಿಗೆಯನ್ನು ಅದನ್ನು ಓದುವ ಯಂತ್ರದ, ಅಂದರೆ ರೀಡರ್‌ನ, ಮುಂದೆ ಸರಿಸಿದರೆ ಸಾಕು, ಒಳಗೆ ಎಷ್ಟು ಪೀಸ್ ಇವೆ, ಮೀಡಿಯಂ ನಡುವೆ ಲಾರ್ಜ್ ಸೇರಿಕೊಂಡಿದೆಯೇ ಎಂಬುದು ಪರದೆಯ ಮೇಲೆ ಮೂಡುತ್ತಿತ್ತು. ಬೆಳಕಿಗೆ ಹಿಡಿದರೆ ಆ ಚೀಟಿಯೊಳಗೆ ರಂಗೋಲಿಯ ಎಳೆಯಂತೆ ಹರಡಿದ ಅಲ್ಯೂಮಿನಿಯಂ ಗೆರೆ ಕಾಣುತ್ತದೆ, ಅದರ ನಡುವೆ ರಾಗಿ ಕಾಳಿಗಿಂತ ಚಿಕ್ಕದಾದ ಚಿಪ್ ಇರುತ್ತದೆ. ಬ್ಯಾಟರಿ ಇಲ್ಲ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಕೆಲಸ ಮಾಡುವ ಹಾಗೆಯೇ, ರೀಡರ್ ಕಳಿಸುವ ತರಂಗದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಸಂಖ್ಯೆಯನ್ನು ಹೇಳುತ್ತದೆ.

ಆದರೆ ಈ ಟ್ಯಾಗ್ ಬಹುಪಾಲು ಬೆಲೆ ಚೀಟಿಯಲ್ಲೇ ಇರುತ್ತದೆ, ಬಟ್ಟೆ ಕೊಂಡವರು ಮನೆಗೆ ಬಂದು ಮೊದಲು ಮಾಡುವ ಕೆಲಸವೇ ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕುವುದು. ಹೊಲಿಗೆಯೊಳಗೆ ಸೇರಿಸಿದ ಟ್ಯಾಗ್‌ಗಳ ಮೇಲೂ ಎಷ್ಟೋ ಬಾರಿ ಕತ್ತರಿಯ ಚಿತ್ರ ಅಚ್ಚಾಗಿದ್ದು, ಒಗೆಯುವ ಮೊದಲು ಕತ್ತರಿಸಿ ಎಂಬ ಸೂಚನೆ ಇರುತ್ತದೆ. ಕಾರ್ಖಾನೆಯಿಂದ ಅಂಗಡಿಯವರೆಗಿನ ಕೆಲವು ತಿಂಗಳ ಲೆಕ್ಕಕ್ಕಾಗಿ ಹಾಕಿದ ಗುರುತು, ಆ ಬಟ್ಟೆಯನ್ನು ಜನ ತೊಡುವ ವರ್ಷಗಳಲ್ಲಿ ಇರುವುದಿಲ್ಲ, ಅದು ಚಿಂದಿಯಾಗುವ ದಿನವೂ ಇರುವುದಿಲ್ಲ.

ಅದರ ಫಲವನ್ನು ನಮ್ಮ ಕೇಂದ್ರದ ನೆಲದ ಮೇಲೆ ಕಾಣಬಹುದು. ರಾಶಿಯ ಮುಂದೆ ಕೂತ ಹೆಂಗಸರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಯಾವುದೆಂದು ಅಂದಾಜು ಮಾಡುತ್ತಾರೆ. ಅನುಮಾನ ಬಂದರೆ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಾರೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಎರಡೂ ಬೆರೆತಿದ್ದರೆ ಬೂದಿಯೊಳಗೆ ಮಣಿ ಸಿಗುತ್ತದೆ. ಎಷ್ಟು ಪಾಲು ಯಾವುದು ಎಂದು ಮಾತ್ರ ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಲೇಬಲ್ ನೋಡೋಣವೆಂದರೆ ಒಗೆದೊಗೆದು ಅಕ್ಷರ ಅಳಿಸಿರುತ್ತದೆ, ಇಲ್ಲವೇ ಕುತ್ತಿಗೆ ಚುಚ್ಚುತ್ತದೆಂದು ಯಾರೋ ಕತ್ತರಿಸಿರುತ್ತಾರೆ. ಜೀನ್ಸ್‌ನಲ್ಲಿ ಸೇರಿರುವ ಸ್ವಲ್ಪ ಲೈಕ್ರಾ ಎಂಬ ಹಿಗ್ಗುವ ನಾರು ಕೂಡ ಅದನ್ನು ಮತ್ತೆ ನಾರು ಮಾಡುವ ಕೆಲಸಕ್ಕೆ ತೊಡಕಾಗುತ್ತದೆ, ಮತ್ತು ಅದು ಬೆರಳಿಗೆ ಖಚಿತವಾಗಿ ಸಿಗುವುದಿಲ್ಲ. ಬೆಳಕಿನ ಕಿರಣದಿಂದ ನಾರು ಗುರುತಿಸುವ ಯಂತ್ರಗಳೂ ಇವೆ, ಆದರೆ ದಟ್ಟ ಕಪ್ಪು ಬಣ್ಣದ ಮತ್ತು ಎರಡು ಪದರದ ಬಟ್ಟೆಗಳಲ್ಲಿ ಅವೂ ತಡವರಿಸುತ್ತವೆ. ಇಂಥದೇ ಎಂದು ಹೇಳಲಾಗದ ಬಟ್ಟೆಗೆ ಯಾರೂ ಬೆಲೆ ಕೊಡುವುದಿಲ್ಲ. ಅಂಥದ್ದು ನೆಲ ಒರೆಸುವ ಚಿಂದಿಗೆ, ಇಲ್ಲವೇ ಬೆಂಕಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಹಳೆ ಬಟ್ಟೆಯಿಂದ ನೂಲು ತೆಗೆಯುವುದಕ್ಕೆ ಹೆಸರಾದ ಪಾಣಿಪತ್‌ನಲ್ಲೂ ಮೊದಲ ಕೆಲಸ ವಿಂಗಡಣೆಯೇ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಯುರೋಪಿಯನ್ ಒಕ್ಕೂಟದ ಸುಸ್ಥಿರ ಉತ್ಪನ್ನಗಳ ನಿಯಮ 2024ರ ಜುಲೈ 18ರಂದು ಜಾರಿಗೆ ಬಂದಿದೆ. ಅದರಡಿ ಉತ್ಪನ್ನಗಳಿಗೆ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಸರಕಿನ ವಿವರವನ್ನು ಸ್ಕ್ಯಾನ್ ಮಾಡಿ ಓದಬಹುದಾದ ದಾಖಲೆ, ಬರಲಿದ್ದು, ಮೊದಲ ಸರದಿಯ ಸರಕುಗಳಲ್ಲಿ ಉಡುಪೂ ಇದೆ. 2025ರ ಜನವರಿ 1ರಿಂದ ಅಲ್ಲಿ ಹಳೆ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸುವುದೂ ಕಡ್ಡಾಯವಾಗಿದೆ. ಆ ಪಾಸ್‌ಪೋರ್ಟ್ ಕ್ಯೂಆರ್ ಕೋಡ್ ಮೂಲಕ ಬರಲಿ, ಆರ್‌ಎಫ್‌ಐಡಿ ಮೂಲಕ ಬರಲಿ, ಅದನ್ನು ಹೊಲಿಯುವ ಕೈಗಳಲ್ಲಿ ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ರಾಮನಗರದ ಹೆಣ್ಣುಮಕ್ಕಳ ಕೈಗಳೂ ಇರುತ್ತವೆ. ನಾವು ಹೊಲಿದ ಗುರುತಿನ ಪ್ರಯೋಜನ ಹೊರದೇಶದ ವಿಂಗಡಣೆ ಕೇಂದ್ರಗಳಿಗೆ ಮಾತ್ರ ಸಿಕ್ಕಿ, ಇಲ್ಲಿನ ರಾಶಿಯ ಮುಂದೆ ಕೂತವರು ಬೆಂಕಿಕಡ್ಡಿಯನ್ನೇ ಗೀರುತ್ತಿರಬೇಕೆಂಬುದನ್ನು ಒಪ್ಪಲು ನನ್ನಿಂದಾಗದು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ರಾಜ್ಯದ ಜವಳಿ ನೀತಿಯಡಿ ಕಾರ್ಖಾನೆಗಳಿಗೆ ಬಂಡವಾಳ ಸಹಾಯಧನ ನೀಡುವಾಗ, ನಮ್ಮ ದೇಶದ ಮಾರುಕಟ್ಟೆಗೆ ಹೋಗುವ ಉಡುಪಿನಲ್ಲೂ ಒಗೆತ ತಾಳಿಕೊಳ್ಳುವ ಟ್ಯಾಗನ್ನು ಪಕ್ಕದ ಹೊಲಿಗೆಯಲ್ಲಿ ಸೇರಿಸಬೇಕೆಂಬ ಷರತ್ತನ್ನು ದೊಡ್ಡ ಘಟಕಗಳಿಗಾದರೂ ವಿಧಿಸಬೇಕು. ಇದು ಆಗದ ಮಾತಲ್ಲ; ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಲೆಕ್ಕಕ್ಕೆ ಬಳಸುವ ಟ್ಯಾಗ್‌ಗಳು 200 ಒಗೆತ ತಾಳುವಂತೆಯೇ ತಯಾರಾಗುತ್ತವೆ. ಟ್ಯಾಗ್‌ನ ಸಂಖ್ಯೆಯಿಂದ ನಾರಿನ ವಿವರ, ಅಂದರೆ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಲೈಕ್ರಾ ಇದೆಯೇ ಎಂಬಷ್ಟು, ಕಂಪನಿಯ ಅನುಮತಿ ಕೇಳದೆ ಯಾವ ವಿಂಗಡಣೆ ಕೇಂದ್ರಕ್ಕೂ ಸಿಗುವಂತಿರಬೇಕು. ಈ ಕೋರಿಕೆಯಲ್ಲಿ ನನಗೆ ಅತಿ ಮುಖ್ಯವಾದದ್ದು ಇದೇ, ಏಕೆಂದರೆ ಬೀಗ ಹಾಕಿದ ಮಾಹಿತಿ ಇರುವ ಟ್ಯಾಗ್ ನಮ್ಮ ಪಾಲಿಗೆ ಇನ್ನೊಂದು ಕಸ. ಬಟ್ಟೆ ಹರಿಯುವ ಯಂತ್ರಕ್ಕೆ ಹಾಕುವ ಮುನ್ನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್‌ನ ಆ ತುಂಡು ಒಂದೇ ಎಳೆತಕ್ಕೆ ಕಿತ್ತು ಬರಬೇಕು, ಇಲ್ಲದಿದ್ದರೆ ಅದೇ ನಾರಿನೊಳಗೆ ಸೇರಿ ನೂಲನ್ನು ಕೆಡಿಸುತ್ತದೆ.

ತೊಟ್ಟ ಬಟ್ಟೆಯಿಂದ ನಮ್ಮನ್ನೇ ಹಿಂಬಾಲಿಸಬಹುದಲ್ಲವೇ ಎಂದು ಜನ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. 2003ರಲ್ಲಿ ಬೆನೆಟನ್ ಕಂಪನಿ ಉಡುಪಿನಲ್ಲಿ ಇಂಥ ಚಿಪ್ ಹಾಕುವ ಸುದ್ದಿ ಹೊರಬಿದ್ದಾಗ ಬಳಕೆದಾರರ ವಿರೋಧ ಎದುರಾಗಿ, ಕಂಪನಿ ಹಿಂದೆ ಸರಿಯಬೇಕಾಯಿತು. ಟ್ಯಾಗ್‌ನಲ್ಲಿ ಬಟ್ಟೆಯ ಸಂಖ್ಯೆಯ ಹೊರತು ಕೊಂಡವರ ಯಾವ ವಿವರವೂ ಇರಕೂಡದು, ಬಿಲ್ಲಿನ ಜೊತೆ ಅದನ್ನು ಜೋಡಿಸಕೂಡದು ಎಂದು ಆದೇಶದಲ್ಲೇ ಬರೆಯಬೇಕು. ಬೇಡವೆಂದವರಿಗೆ ಅಂಗಡಿಯಲ್ಲೇ ಟ್ಯಾಗ್‌ನ ಬಾಯಿ ಮುಚ್ಚಿಸುವ ಅವಕಾಶವೂ ಇರಬೇಕು, ಟ್ಯಾಗನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುವ ಆಜ್ಞೆ ಈ ತಂತ್ರಜ್ಞಾನದೊಳಗೇ ಇದೆ.

ಇಳಕಲ್, ಮೊಳಕಾಲ್ಮೂರಿನ ಕೈಮಗ್ಗದವರ ಮೇಲೆ ಈ ಹೊರೆ ಹಾಕಬೇಡಿ. ಅವರ ಸೀರೆ ಅಷ್ಟು ಬೇಗ ನಮ್ಮ ರಾಶಿಗೆ ಬರುವುದೂ ಇಲ್ಲ.

ಸರ್ಕಾರದ್ದೇ ಆದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ನಕಲಿ ತಡೆಯಲೆಂದು ತನ್ನ ಮೈಸೂರು ರೇಷ್ಮೆ ಸೀರೆಗಳಿಗೆ ಒಂದೊಂದಕ್ಕೂ ಗುರುತಿನ ಸಂಖ್ಯೆ ಕೊಡುತ್ತದೆ. ರೇಷ್ಮೆ ಸೀರೆಗೆ ಸಂದ ಆ ಕಾಳಜಿ 300 ರೂಪಾಯಿಯ ಟೀ ಶರ್ಟಿಗೂ ಸಲ್ಲಲಿ ಎಂಬುದು ನನ್ನ ಬೇಡಿಕೆ. ಮೊದಲ ಹೆಜ್ಜೆಯಾಗಿ ಬೆಂಗಳೂರಿನ 2 ಒಣ ತ್ಯಾಜ್ಯ ಕೇಂದ್ರಗಳಿಗೆ ಕೈಯಲ್ಲಿ ಹಿಡಿಯುವ ರೀಡರ್ ಕೊಡಿಸಿ, ಟ್ಯಾಗ್ ಉಳಿಸಿಕೊಂಡ ಬಟ್ಟೆಗಳ ಮೇಲೆ 6 ತಿಂಗಳ ಪ್ರಯೋಗ ನಡೆಸಿ. ಕಲಬುರಗಿಗೆ 2023ರಲ್ಲಿ ಮಂಜೂರಾದ ಪಿಎಂ ಮಿತ್ರ ಜವಳಿ ಪಾರ್ಕಿನಲ್ಲಿ ವಿಂಗಡಣೆ ಮತ್ತು ಮರುಬಳಕೆ ಘಟಕಕ್ಕೆ ಜಾಗ ಕಾದಿರಿಸಿ. ಪ್ರಯೋಗ ನಡೆಯುವಾಗ ತಮ್ಮ ಇಲಾಖೆಯ ಅಧಿಕಾರಿಗಳು ಒಂದು ಬೆಳಿಗ್ಗೆ ನಮ್ಮ ಕೇಂದ್ರಕ್ಕೆ ಬಂದು ರಾಶಿಯ ಮುಂದೆ ಕೂರಲಿ. 8 ಗಂಟೆಗೆ ಗಾಡಿ ಬರುತ್ತದೆ.

ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಮಾಜಿ ಗಾರ್ಮೆಂಟ್ಸ್ ಕಾರ್ಮಿಕೆ
ಬೆಂಗಳೂರು