ಪ್ರಶ್ನೆ ಮೊದಲೇ ಸಿಕ್ಕರೆ ಏನು ಮಾಡುತ್ತೀರಿ? ಅಮೆರಿಕದ ಸಂಸದ ಶ್ರೀ ಥಾಣೇದಾರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಥಾಣೇದಾರ್ ಅವರಿಗೆ ನಮಸ್ಕಾರ.

ಬೆಳಗಾವಿಯಲ್ಲಿ ಬೆಳೆದು ಇಂದು ಡೆಟ್ರಾಯಿಟ್ ಜನರನ್ನು ಪ್ರತಿನಿಧಿಸುತ್ತಿರುವ ನೀವು ಡೆಮಾಕ್ರಟಿಕ್ ಪಕ್ಷದವರು. ಅದೇ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಮತ ಹಾಕುವ ಮಿಷಿಗನ್ನಿನ ಕನ್ನಡಿಗ ನಾನು. ವಿಷಯ 2016ರ ಅಧ್ಯಕ್ಷ ಚುನಾವಣೆಯದು, ಆದರೆ ಇನ್ನೂ ತೀರಿಲ್ಲ.

ಆ ವರ್ಷ ಗುಟ್ಟಿನ ದಾಖಲೆಗಳನ್ನು ಬಯಲು ಮಾಡುವ ವಿಕಿಲೀಕ್ಸ್ ತಾಣ ಹೊರಹಾಕಿದ ನಮ್ಮ ಪಕ್ಷದವರ ಇಮೇಲ್‌ಗಳು ಕದ್ದ ಮಾಲು, ನಿಜ. ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 12 ಅಧಿಕಾರಿಗಳ ಮೇಲೆ 2018ರಲ್ಲಿ ಆರೋಪಪಟ್ಟಿಯೂ ಸಲ್ಲಿಕೆಯಾಯಿತು. ಪಕ್ಷದವರನ್ನು ಕೇಳಿದರೆ ಕಳ್ಳನ ಕಥೆ ಹೇಳುತ್ತಾರೆ. ಕಳುವಾದ ಪತ್ರಗಳಲ್ಲಿ ಏನಿತ್ತು ಎಂದರೆ ಮಾತು ತೇಲಿಸುತ್ತಾರೆ.

ಬಹುಪಾಲು ಆಕಳಿಕೆ ತರಿಸುವ ಸರಕೇ. ಹಿಲರಿ ಕ್ಲಿಂಟನ್ ಅವರ ಘೋಷವಾಕ್ಯಕ್ಕೆಂದು 84 ಸಾಲುಗಳ ಪಟ್ಟಿ, ಒಬಾಮಾ ಪಕ್ಕ ಯಾವ ದಾನಿ ಕೂರಬೇಕೆಂಬ ಚರ್ಚೆ. ಪ್ರಚಾರವೆಂದರೆ ಮುಕ್ಕಾಲು ಪಾಲು ಗುಮಾಸ್ತಗಿರಿ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಕೆಂಟಕಿ, ವೆಸ್ಟ್ ವರ್ಜೀನಿಯಾಗಳಲ್ಲಿ ‘ಆತನಿಗೆ’ ದೇವರಲ್ಲಿ ನಂಬಿಕೆ ಇದೆಯೇ ಎಂದು ಯಾರಿಂದಲಾದರೂ ಕೇಳಿಸಬಹುದೇ ಎಂದು ಪಕ್ಷದ ರಾಷ್ಟ್ರೀಯ ಸಮಿತಿಯ ಹಣಕಾಸು ಮುಖ್ಯಸ್ಥರು ಬರೆದದ್ದು ಮಾತ್ರ ಆ ಬಗೆಯದಲ್ಲ. ಹೆಸರು ಎತ್ತದಿದ್ದರೂ ಗುರಿ ಪಕ್ಷದ ಟಿಕೆಟ್ಟಿಗಾಗಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಎಂಬುದು ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ.

ನನ್ನನ್ನು ಕಾಡುವುದು ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಪತ್ರ. ಮಾರ್ಚ್ 6ರಂದು ಫ್ಲಿಂಟ್‌ನಲ್ಲಿ ಸಿಎನ್‌ಎನ್ ಟಿವಿ ನಡೆಸಿದ ಕ್ಲಿಂಟನ್ ಮತ್ತು ಸ್ಯಾಂಡರ್ಸ್ ಚರ್ಚೆ ಇತ್ತು. ಆಗ ಸಮಿತಿಯ ಉಪಾಧ್ಯಕ್ಷೆಯೂ ಸಿಎನ್‌ಎನ್ ವಿಶ್ಲೇಷಕಿಯೂ ಆಗಿದ್ದ ಡೋನಾ ಬ್ರೆಜಿಲ್ ಹಿಂದಿನ ದಿನವೇ ಕ್ಲಿಂಟನ್ ತಂಡಕ್ಕೆ ಬರೆದರು: ನಾಳೆ ಪ್ರಶ್ನೆ ಕೇಳುವವರಲ್ಲಿ ಮೈಮೇಲೆ ದದ್ದು ಎದ್ದಿರುವ ಮಹಿಳೆಯೊಬ್ಬರಿದ್ದಾರೆ, ಮನೆಯವರಿಗೆ ಸೀಸದ ವಿಷವೇರಿದೆ, ಅಧ್ಯಕ್ಷರಾದರೆ ಫ್ಲಿಂಟ್ ಜನರಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನೀವು ರಸಾಯನಶಾಸ್ತ್ರ ಓದಿದವರು. ಕೊಳಾಯಿ ನೀರಿನ ಸೀಸ ಮಕ್ಕಳನ್ನು ಏನು ಮಾಡುತ್ತದೆ ಎಂದು ನಾನು ಹೇಳಬೇಕಿಲ್ಲ. 2014ರಲ್ಲಿ ಡೆಟ್ರಾಯಿಟ್ ನೀರು ಬಿಡಿಸಿ, ಹಳೆಯ ಕೊಳವೆಗಳ ಸೀಸ ಕರಗಿಸುವ ಹೊಳೆ ನೀರು ಕುಡಿಸಿದ ಊರು ಅದು. ಅಲ್ಲಿನ ಹೆಂಗಸಿನ ಸಂಕಟ ಸೋರಿಕೆಯಾದ ಪ್ರಶ್ನೆಪತ್ರಿಕೆಯಂತೆ ಕೈ ಬದಲಾಯಿಸಿತು. ಚರ್ಚೆಯಾದ ಎರಡು ದಿನಗಳ ನಂತರ ಮಿಷಿಗನ್ ಪ್ರೈಮರಿಯಲ್ಲಿ ಗೆದ್ದದ್ದು ಸ್ಯಾಂಡರ್ಸ್. ಅದು ಬೇರೆ ಮಾತು. ಮರುವರ್ಷ ಬ್ರೆಜಿಲ್ ತಪ್ಪು ಒಪ್ಪಿಕೊಂಡರು. ಪ್ರಶ್ನೆ ಪಡೆದವರ ಹೊಣೆ ಏನು?

ಅಭ್ಯರ್ಥಿಗಳ ನಡುವೆ ಸಮಿತಿ ಪಕ್ಷಪಾತ ಮಾಡಬಾರದೆಂದು ಪಕ್ಷದ ನಿಯಮಾವಳಿಯಲ್ಲೇ ಇದೆ. ಅದನ್ನು ಹಿಡಿದು ಕೆಲವು ದಾನಿಗಳು ನ್ಯಾಯಾಲಯಕ್ಕೆ ಹೋದರೆ, ಬೇಕೆಂದಿದ್ದರೆ ಹಿಂದಿನವರಂತೆ ಒಳಕೋಣೆಯಲ್ಲಿ ಚುಟ್ಟಾ ಸೇದುತ್ತಾ ಅಭ್ಯರ್ಥಿಯನ್ನು ಆರಿಸಬಹುದಿತ್ತು ಎಂದು ಸಮಿತಿಯ ವಕೀಲರೇ ವಾದಿಸಿದರು! 2017ರಲ್ಲಿ ಮೊಕದ್ದಮೆ ವಜಾ ಆಯಿತು.

ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ಚರ್ಚೆಗೆ ಮುನ್ನ ನಿಮ್ಮ ತಂಡಕ್ಕೆ ಯಾರಾದರೂ ಪ್ರಶ್ನೆ ತಲುಪಿಸಿದರೆ, ಅದೇ ದಿನ ಎದುರಾಳಿಗೂ ಆಯೋಜಕರಿಗೂ ತಿಳಿಸುತ್ತೇವೆ ಎಂದು ಬರೆದು ಸಹಿ ಹಾಕಿ. ಈ ಷರತ್ತನ್ನು ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಕಡ್ಡಾಯ ಮಾಡಬೇಕೆಂದು ರಾಷ್ಟ್ರೀಯ ಸಮಿತಿಗೆ ಪತ್ರ ಬರೆಯಿರಿ, ಅದನ್ನು ನೀವೇ ಪ್ರಕಟಿಸಿ. ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಮಿಷಿಗನ್‌ನ ಒಬ್ಬ ಕನ್ನಡಿಗ ಮತದಾರ