ನೀನು ಆ ಥರದವಳಲ್ಲ ಅಂತ ಹೇಳಿದ್ಯಾರು?

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ಮನೆ ಸುದ್ದಿಯೆಲ್ಲ ನಿನಗೆ ಅಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ ಒಂದು ಸಾಲು ಬರೆದಿದ್ದೀಯ. "ಫಿಸಿಕ್ಸ್ ಇಷ್ಟವೇ ದೊಡ್ಡಮ್ಮ, ಆದರೆ ನಾನು ಆ ಥರದವಳಲ್ಲ ಅನ್ಸುತ್ತೆ." ಓದಿದಾಗಿನಿಂದ ಅದೇ ಮಾತು ಕೊರೆಯುತ್ತಿದೆ.

ಆ ಥರ ಅಂದರೆ ಯಾವ ಥರ? ದಪ್ಪ ಕನ್ನಡಕ, ಕೆದರಿದ ಕೂದಲು, ಯಾರ ಜೊತೆಗೂ ಸೇರದ ಸ್ವಭಾವ, ಬಾಯಿ ಬಿಟ್ಟರೆ ಸೂತ್ರ. ನೀನು ನಾಟಕ ಆಡುತ್ತೀಯ, ಜೋರಾಗಿ ನಗುತ್ತೀಯ, ಜೊತೆಗೆ ನಾಲ್ಕು ಜನ ಇಲ್ಲದಿದ್ದರೆ ನಿನಗೆ ಹೊತ್ತೇ ಹೋಗಲ್ಲ. ಅದಕ್ಕೇ ಈ ಅನುಮಾನ ಅಲ್ವಾ?

ಈ ಚಿತ್ರ ಎಲ್ಲಿಂದ ಬಂತು ಅಂತ ಯೋಚಿಸು. ಡೇವಿಡ್ ಚೇಂಬರ್ಸ್ ಅನ್ನುವವರು 1966ರಿಂದ 1977ರವರೆಗೆ 4,807 ಮಕ್ಕಳ ಕೈಲಿ ವಿಜ್ಞಾನಿಯ ಚಿತ್ರ ಬರೆಸಿದರು. ಹೆಂಗಸಿನ ಚಿತ್ರ ಬರೆದವರು ಬರೀ 28 ಮಕ್ಕಳು, ಅಷ್ಟೂ ಹುಡುಗಿಯರೇ. ಇದು ಎಲ್ಲರೂ ಹೇಳುವ ವಿಷಯ. ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ತೀರಾ ಚಿಕ್ಕ ಮಕ್ಕಳ ಚಿತ್ರಗಳಲ್ಲಿ ಆ ಬಿಳಿ ಕೋಟು, ಕನ್ನಡಕ, ಗಡ್ಡ ಹೆಚ್ಚುಕಡಿಮೆ ಇರಲೇ ಇಲ್ಲ. ತರಗತಿ ಏರಿದ ಹಾಗೆ ಒಂದೊಂದಾಗಿ ಸೇರಿಕೊಂಡವು. ಅಂದರೆ ನೀನು ಅದನ್ನು ಹೊತ್ತುಕೊಂಡು ಹುಟ್ಟಲಿಲ್ಲ ಪುಟ್ಟಿ. ನಾವು ದೊಡ್ಡವರು ನಿನ್ನ ತಲೆಗೆ ತುಂಬಿದ್ದು.

ನೀವೀಗ ಕುಡುಮಿ ಅಂತೀರಲ್ಲ, ನಮ್ಮ ಕಾಲದಲ್ಲಿ ಪುಸ್ತಕದ ಹುಳು ಅನ್ನೋರು. ನನ್ನ ತರಗತಿಯಲ್ಲಿ ಅಂಥ ಹೆಸರು ಹೊತ್ತ ಒಬ್ಬ ಹುಡುಗ ಇದ್ದ. ಮೊದಮೊದಲು ಉತ್ತರ ಹೇಳಲು ತುದಿಗಾಲಲ್ಲಿ ನಿಲ್ಲುತ್ತಿದ್ದ. ವರ್ಷ ಮುಗಿಯೋ ಹೊತ್ತಿಗೆ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಮೇಜಿನ ಕೆಳಗೆ ಬೆರಳು ಹಿಸುಕುತ್ತಾ ಕೂತಿರುತ್ತಿದ್ದ. ಆ ಬೆರಳುಗಳು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ. ಆ ಹೆಸರು ಒಳಗಿದ್ದವನ ಬಾಯಿ ಮುಚ್ಚಿಸಿತು, ನನ್ನಂಥವರನ್ನು ಹೊರಗೇ ನಿಲ್ಲಿಸಿತು.

ನನಗೆ ಲೆಕ್ಕ ನಿಧಾನ. "ಲೆಕ್ಕ ಬರದವರಿಗೆ ಸೈನ್ಸ್ ಯಾಕೆ?" ಅಂದುಬಿಟ್ಟರು ಒಬ್ಬ ಮೇಷ್ಟ್ರು. ಅಲ್ಲಿಗೆ ಮುಗಿಯಿತು. ವಿಜ್ಞಾನಿ ಮೈಕೆಲ್ ಫ್ಯಾರಡೆ ಬಗ್ಗೆ ಆಗ ಯಾರಾದರೂ ನನಗೆ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತೆ. ಬಡವರ ಮನೆ ಹುಡುಗ, ಓದಿದ್ದು ಅಷ್ಟಕ್ಕಷ್ಟೇ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವರು. ಗಣಿತ ಅವರಿಗೂ ಹೆಚ್ಚು ಬರುತ್ತಿರಲಿಲ್ಲ. ಕಾಂತದ ಸುತ್ತ ಗೆರೆಗಳಿವೆ ಅಂತ ಕಲ್ಪಿಸಿಕೊಂಡು, ಚಿತ್ರ ಬರೆದು ಯೋಚಿಸಿದರು. ಆ ಗೆರೆಗಳನ್ನು ಗಣಿತಕ್ಕೆ ಇಳಿಸಿದ್ದು ಆಮೇಲೆ ಬಂದ ಮ್ಯಾಕ್ಸ್‌ವೆಲ್ ಅನ್ನುವ ಇನ್ನೊಬ್ಬ ವಿಜ್ಞಾನಿ. ಇಬ್ಬರದೂ ಫಿಸಿಕ್ಸೇ. ಹಾಗಿದ್ದರೆ ಇಬ್ಬರಲ್ಲಿ "ಆ ಥರದವರು" ಯಾರು, ನೀನೇ ಹೇಳು.

ಅದೇ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಮೇಣದಬತ್ತಿಯ ಬಗ್ಗೆಯೇ ಆರು ಉಪನ್ಯಾಸ ಕೊಟ್ಟರು. ಅದರಲ್ಲಿ ಬರುವ ಒಂದು ಪ್ರಯೋಗವನ್ನು ನಾನೂ ಮಾಡಿ ನೋಡಿದೆ. ಬತ್ತಿ ಚೆನ್ನಾಗಿ ಉರಿಯಲಿ, ಆಮೇಲೆ ಮೆಲ್ಲಗೆ ಊದಿ ಆರಿಸು. ಬಿಳಿ ಹೊಗೆ ಎಳೆಯಾಗಿ ಏಳುತ್ತೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸಬೇಡ, ಸ್ವಲ್ಪ ಮೇಲೆ, ಆ ಹೊಗೆಗೆ ಹಿಡಿ. ಬೆಂಕಿ ಹೊಗೆಯ ಎಳೆ ಹಿಡಿದು ಸರಕ್ಕನೆ ಬತ್ತಿಗೆ ಇಳಿಯುತ್ತೆ! ಉರಿಯೋದು ಮೇಣದ ಆವಿ ಅಂತ ಆಗ ಕಣ್ಣಾರೆ ತಿಳಿಯುತ್ತೆ. ಈ ವಯಸ್ಸಿನಲ್ಲಿ ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೋ, ಅಷ್ಟೇ ಸಂಕಟವೂ ಆಯಿತು. ಇಷ್ಟು ಕಾಲ ಇದನ್ನೆಲ್ಲ ನನ್ನದಲ್ಲ ಅಂದುಕೊಂಡಿದ್ದೆನಲ್ಲ.

ಮತ್ತೆ ಅದೇ ಮಾತಿಗೆ ಬಂದೆ, ಬೇಜಾರು ಮಾಡ್ಕೋಬೇಡ. ನಾಟಕ ಬಿಟ್ಟರೆ ಮಾತ್ರ ಸೈನ್ಸು ಅನ್ನುವ ಲೆಕ್ಕಾಚಾರ ಬೇಡ. ಕ್ಯಾರೊಲಿನ್ ಹರ್ಷೆಲ್ ಸಭೆಗಳಲ್ಲಿ ಹಾಡುತ್ತಿದ್ದ ಗಾಯಕಿ. 1786ರಲ್ಲಿ ಧೂಮಕೇತು ಕಂಡುಹಿಡಿದದ್ದೂ ಅವರೇ. ನೀನು ಓದಿದ್ದನ್ನು ತಮ್ಮನಿಗೆ ಒಂದೂ ಸೂತ್ರ ಇಲ್ಲದೆ, ನಾಟಕದ ಹಾಗೆ ಬೇಕಾದರೂ, ಹೇಳಿ ನೋಡು. ಅರ್ಥವಾಗದ್ದನ್ನು ತರಗತಿಯಲ್ಲಿ ಜೋರಾಗಿ ಕೇಳು. ನೀನು ಕೇಳಿದರೆ ಇನ್ನಿಬ್ಬರು ಕೇಳುತ್ತಾರೆ. ನಿಮ್ಮಲ್ಲೂ ಕುಡುಮಿ ಅನ್ನಿಸಿಕೊಂಡು ಒಂಟಿಯಾಗಿ ಕೂತವರು ಇದ್ದರೆ, ಒಂದು ದಿನ ಅವರ ಪಕ್ಕ ಕೂತುಕೋ. ಇಷ್ಟೇ ನನಗೆ ತೋಚಿದ್ದು. ಸೈನ್ಸ್ ಓದದ ನಾನು ಇದನ್ನೆಲ್ಲ ಹೇಳೋದು ಸರಿಯೋ ತಪ್ಪೋ ಗೊತ್ತಿಲ್ಲ.

ಫಿಸಿಕ್ಸ್ ಬೋರ್ ಅನ್ನಿಸಿ ಬಿಟ್ಟರೆ ಬಿಡು, ಇನ್ನೊಂದು ಜಾಸ್ತಿ ಇಷ್ಟವಾಗಿ ಬಿಟ್ಟರೂ ಬಿಡು, ನಾನು ಬೇಡ ಅನ್ನಲ್ಲ. ಆ ಒಂದು ಸಾಲಿಗೋಸ್ಕರ ಬಿಡುತ್ತೀಯಾದರೆ ಮಾತ್ರ, ವಿಷಯ ಆರಿಸುವ ಫಾರ್ಮ್ ತುಂಬುವ ಮೊದಲು ನನಗೊಂದು ಫೋನ್ ಮಾಡು.

ನಿನ್ನ
ದೊಡ್ಡಮ್ಮ