ಚೌಕಿಯಲ್ಲಿ ಜತೆಗಿದ್ದವರಿಗೆ

ಕಳೆದ ವಾರ ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ನಿವೃತ್ತಿಯ ಸನ್ಮಾನ ಮಾಡಿದಿರಿ. ಮೈಕು ಕೈಗೆ ಬಂದಾಗ ಎರಡೇ ಮಾತಾಡಿ ಕೂತುಬಿಟ್ಟೆ. ಯಕ್ಷಗಾನಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳನ್ನು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕಾಯಿಸಿ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅಂದು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊಲಿಗೆ ಟೀಚರ್. ವೇಷದ ಅಂಗಿಯಾದ ದಗಲೆ ಹೊಲಿಯಬಲ್ಲೆ, ಹರಿದ ಇಜಾರಿಗೆ ತೇಪೆ ಹಾಕಬಲ್ಲೆ. ಯಕ್ಷಗಾನದ ವೇಷ ಕಟ್ಟುವುದು ಬೇರೆಯೇ ವಿದ್ಯೆ. ಅದನ್ನು ಕಲಿಸಿದವರು ಮೇಳದ ತಿರುಗಾಟ ಮುಗಿಸಿ ಊರಲ್ಲಿ ನೆಲೆನಿಂತ ಹಿರಿಯ ವೇಷಧಾರಿಗಳು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಚೌಕಿ ಅಂದರೆ ಗಂಡಸರದ್ದೇ ಆಗಿದ್ದ ಕಾಲದಿಂದ ಬಂದವರು ಅವರು. ಆದರೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಚ್ಚೆ ಹಾಕಿ ಉಡಿಸುವ ಕಸೆ ಸೀರೆಯ ನೆರಿಗೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟರು. ತಲೆಗೆ ಕಟ್ಟುವುದರಲ್ಲಿ ಅಭಿಮನ್ಯುವಿನಂಥ ಎಳೆಯ ವೀರನಿಗೆ ಕೇದಗೆ ಮುಂದಲೆ, ಕರ್ಣನಂಥವನಿಗೆ ಮುಂಡಾಸು ಎಂಬ ಲೆಕ್ಕ ನೋಡಿದವರಿಗೆಲ್ಲ ಗೊತ್ತು. ಕಷ್ಟವಿರುವುದು ಕಟ್ಟುವ ಕೈಯಲ್ಲಿ. ಸಡಿಲವಾದರೆ ಮಂಡಿಯೂರಿ ಕುಣಿಯುವಾಗ ಜಾರಿ ಕಣ್ಣಿನ ಮೇಲೆ ಬರುತ್ತದೆ. ಬಿಗಿಯಾದರೆ ಮಗು “ಟೀಚರ್, ತಲಿ ತಿರ್ಗತ್ತ್” ಅನ್ನುತ್ತದೆ, ಕೆಲವೊಮ್ಮೆ ವಾಂತಿಯನ್ನೂ ಮಾಡುತ್ತದೆ. “ಕಟ್ಟುವಾಗ ಮಗುವಿನ ಹತ್ತಿರ ಮಾತಾಡ್ತಾ ಇರಿ. ಅದರ ಮಾತು ನಿಂತರೆ ನಿಮ್ಮ ಕೈಯೂ ನಿಲ್ಲಲಿ” ಅಂದಿದ್ದರು ಆ ಹಿರಿಯರು. ತರಬೇತಿ ಅಂತ ನನಗೆ ಸಿಕ್ಕಿದ್ದರಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಮಕ್ಕಳೂ ಯಕ್ಷಗಾನದ ಬಡಗಿನ ಶೈಲಿಯಾದ ಬಡಗುತಿಟ್ಟಿನ ವೇಷ ಹೊತ್ತು ಪೂರ್ತಿ ಪ್ರಸಂಗ ಆಡಬಲ್ಲರು ಎಂದು ನಮ್ಮ ಸೀಮೆಗೆ ತೋರಿಸಿಕೊಟ್ಟದ್ದು 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು, ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ. ನಮ್ಮಂಥ ಶಾಲೆಗಳು ನಡೆದದ್ದು ಆ ದಾರಿಯಲ್ಲೇ. ಆದರೆ ನಮಗೆ ಬಾಡಿಗೆಗೆ ಸಿಗುತ್ತಿದ್ದದ್ದು ದೊಡ್ಡವರ ಅಳತೆಯ ಸಾಮಾನು. ಮರದ ಭುಜಕೀರ್ತಿ ಏಳನೇ ಕ್ಲಾಸಿನ ಹುಡುಗಿಯ ಹೆಗಲಲ್ಲಿ ನಿಲ್ಲುವುದಾದರೂ ಹೇಗೆ? ಆಗ ಕೈಹಾಕಿದವರು ತಾಯಂದಿರು. ರಟ್ಟು, ಫೋಮ್ ಶೀಟು, ಹಳೆ ಸೀರೆಯ ಜರಿ ಅಂಚು, ಕನ್ನಡಿ ಚೂರು ಹರಡಿಕೊಂಡು ಶನಿವಾರ ಮಧ್ಯಾಹ್ನ ನಮ್ಮ ಹೊಲಿಗೆ ಕೋಣೆಯಲ್ಲಿ ಕೂರುತ್ತಿದ್ದರು. ಇದು ಸಂಪ್ರದಾಯವಲ್ಲ ಅಂತ ಮೂಗು ಮುರಿದವರೂ ಇದ್ದರು. ದಾರ ಉಜ್ಜಿ ಕೆಂಪಾದ ಹೆಗಲಿಗೆ ಎಣ್ಣೆ ಸವರಿದವರು ಅವರಲ್ಲವಲ್ಲ!

ಬಿಸಿಯೂಟದ ಅಕ್ಕನಿಗೆ ಯಾರೂ ಶಾಲು ಹೊದೆಸಲಿಲ್ಲ. ಕಸೆ ಕಟ್ಟಿದ ಮೇಲೆ ಒಂದಕ್ಕೆ ಹೋಗುವಂತಿಲ್ಲ. ಆ ಹೆದರಿಕೆಗೆ ಮಕ್ಕಳು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಅವರಿಗೆ ಅವಲಕ್ಕಿ ತಿನ್ನಿಸಿ, ನೀರು ಕುಡಿಸಿ, ಒಬ್ಬೊಬ್ಬರನ್ನೇ ಶೌಚಾಲಯಕ್ಕೆ ಕರೆದೊಯ್ದು ಆಮೇಲೆ ನನ್ನ ಮುಂದೆ ತಂದು ನಿಲ್ಲಿಸುತ್ತಿದ್ದವರು ಅವರು. ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದವರೂ ಅವರೇ. ಬೆವರಲ್ಲಿ ನೆನೆದ ದಗಲೆಯನ್ನು ಹಾಗೇ ಪೆಟ್ಟಿಗೆಗೆ ಹಾಕಿದರೆ ನಮ್ಮ ಕರಾವಳಿಯ ಹವೆಗೆ ಬೂಸಲು ಖಂಡಿತ. ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಅಂಗಳದ ಹಗ್ಗದ ಮೇಲೆ ದಗಲೆಗಳು ಸಾಲಾಗಿ ಒಣಗುತ್ತಿದ್ದವು. ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ.

ಇಷ್ಟು ವರ್ಷ ನಾನು ಆಟ ನೋಡಿದ್ದಿಲ್ಲ, ಕೇಳಿದ್ದು. ಚೆಂಡೆಯ ಪೆಟ್ಟಿನ ಮೇಲೆ ಯಾರ ಪ್ರವೇಶ, ಯಾರ ಗೆಜ್ಜೆ ಇನ್ನೊಮ್ಮೆ ಬಿಗಿಯಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಈ ಸಲ ಹಳೆ ವಿದ್ಯಾರ್ಥಿಗಳು ಚೌಕಿಯನ್ನು ವಹಿಸಿಕೊಂಡು, ನನ್ನನ್ನು ಬಲವಂತವಾಗಿ ಎದುರು ಸಾಲಿನಲ್ಲಿ ಕೂರಿಸಿದರು. ನಾನು ಪ್ರತಿ ವರ್ಷ ಜೀವ ತೇಯ್ದ ಕಸೆಯ ಅಂಚು ಅಲ್ಲಿಂದ ಕಾಣುವುದೇ ಇಲ್ಲ! ಆದರೆ ಅಭಿಮನ್ಯುವಿನ ಮುಂದಲೆ ಕೊನೆಯ ಪೆಟ್ಟಿನವರೆಗೂ ಅಲುಗಾಡಲಿಲ್ಲ. ಕಟ್ಟಿದವನೇ, ನಿನ್ನ ಕೈಗೆ ಶರಣು.

ಪೆಟ್ಟಿಗೆಯ ಕೀಲಿಕೈ ಆಫೀಸಿನಲ್ಲಿ ಕೊಟ್ಟಿದ್ದೇನೆ. ಮೂರು ಎದೆಕಟ್ಟಿಗೆ ಹೊಸ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಬೇಕು. ಹಳೆ ರೇಷ್ಮೆ ಸೀರೆ ಇದ್ದವರು ಅಂಚನ್ನಷ್ಟೇ ಕತ್ತರಿಸಿ ಕಳಿಸಿದರೆ ಸಾಕು. ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಒಮ್ಮೆ ಬಿಸಿಲಿಗೆ ಹಾಕಬೇಕು. ಆ ದಿನ ಕರೆಯಿರಿ, ಬರುತ್ತೇನೆ.